ಶಾನುಭೋಗರಿಂದ ಶುರುವಾದ ನಾಗರಿಕತೆ

ನಮ್ಮ ಪಕ್ಕದ ಮನೆಯ ರಾಯರು ಊರ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ವಂಶದವರು. 1960ರ ದಶಕದಲ್ಲಿ ಆ ಹುದ್ದೆಯೇ ರದ್ದಾದ್ದರಿಂದ ಇವರ ಪಾಲಿಗೆ ಬಂದದ್ದು ಅಟ್ಟದ ಮೇಲಿನ ಒಂದು ಗಂಟು ಕಡತ, ಜೊತೆಗೆ ಶಾನುಭೋಗರ ಮೇಲೆ ಊರವರು ಕಟ್ಟಿದ ಗಾದೆಗಳು. ಆ ಗಾದೆಗಳಲ್ಲಿ ಒಂದೂ ಮರ್ಯಾದೆಯದಲ್ಲ ಎಂಬ ಕೊರಗು ಅವರಿಗೆ ಈ ವಯಸ್ಸಿನಲ್ಲೂ ಹೋಗಿಲ್ಲ. ಇಂಥವರು ಒಂದು ಬೆಳಿಗ್ಗೆ ಮೊಮ್ಮಗನ ಪಠ್ಯಪುಸ್ತಕ ಹಿಡಿದು ಬೇಲಿಯ ಆಚೆ ಬಂದು ನಿಂತರು. "ಏನ್ರೀ, ನಾಗರಿಕತೆ ನದೀತೀರದಲ್ಲಿ ಹುಟ್ಟಿತು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದಾರಲ್ಲ, ಹುಟ್ಟಿಸಿದ್ದು ಯಾರು?" ಅಂದರು.

"ನಿಮ್ಮವರೇ ರಾಯರೇ. ಶಾನುಭೋಗರು" ಅಂದೆ.

ಗೇಲಿ ಮಾಡುತ್ತಿದ್ದೇನೆ ಅಂದುಕೊಂಡು ಮುಖ ಸಿಂಡರಿಸಿದರು. ಗೇಲಿಯೇನೂ ಅಲ್ಲ. ಇದನ್ನು ಹೇಳಬೇಕಾದರೆ ಸ್ವಲ್ಪ ಹೊತ್ತು ಬೇಕು, ಆದರೆ ಬೇಲಿ ಇರುವುದೇ ಅದಕ್ಕಲ್ಲವೇ.

ನದೀತೀರ ಅನ್ನುವುದು ಸುಳ್ಳಲ್ಲ. ಆದರೆ ನದಿ ಇದ್ದ ಕಡೆಯಲ್ಲೆಲ್ಲ ಪಟ್ಟಣ ಎದ್ದಿದ್ದರೆ ಕಾವೇರಿ, ಕೃಷ್ಣೆಯ ದಡದಲ್ಲೂ ಐದೂವರೆ ಸಾವಿರ ವರ್ಷದ ಹಿಂದೆ ಪೇಟೆ ಬೀದಿಗಳಿರಬೇಕಿತ್ತು. ಮೊದಲ ದೊಡ್ಡ ಪಟ್ಟಣ ಎದ್ದದ್ದು ಈಗಿನ ಇರಾಕಿನ ದಕ್ಷಿಣದಲ್ಲಿ, ಯೂಫ್ರೆಟಿಸ್ ನದಿಯ ಹತ್ತಿರ, ಉರುಕ್ ಎಂಬಲ್ಲಿ. ಆ ನೆಲ ನೋಡಿದರೆ ಯಾರೂ ಅಲ್ಲಿ ಸೈಟು ಕೊಳ್ಳುವ ಹಾಗಿಲ್ಲ. ಕಲ್ಲಿಲ್ಲ, ತೊಲೆಗಾಗುವ ಮರವಿಲ್ಲ, ತಾಮ್ರ ಕಬ್ಬಿಣದ ಅದಿರಿಲ್ಲ. ಮಳೆ ವರ್ಷಕ್ಕೆ 200 ಮಿಲಿಮೀಟರೂ ಇಲ್ಲ. ಬರಗಾಲದ ಊರೆಂದು ಹೆಸರಾದ ನಮ್ಮ ಚಳ್ಳಕೆರೆಯಲ್ಲಿ ಅದಕ್ಕೆ ಎರಡರಷ್ಟು ಬೀಳುತ್ತದೆ. ಇದ್ದದ್ದು ಜೇಡಿಮಣ್ಣು, ಜೊಂಡು, ಖರ್ಜೂರ, ಮೀನು, ಕಾಲುವೆ ತೋಡಿದರೆ ಹರಿದು ಬರುವ ನೀರು. ಅಷ್ಟರಲ್ಲೇ ಕ್ರಿಸ್ತಪೂರ್ವ 3100ರ ಹೊತ್ತಿಗೆ ಹತ್ತಾರು ಸಾವಿರ ಜನ ಒಂದೇ ಕಡೆ ವಾಸವಾಗಿದ್ದರು.

ಗೋಧಿ ಹುಟ್ಟಿದ್ದೂ ಅಲ್ಲಲ್ಲ. ಅದು ಬೆಟ್ಟದ ಪೈರು. ಉತ್ತರಕ್ಕೆ, ಈಗಿನ ಟರ್ಕಿ ಮತ್ತು ಸಿರಿಯಾದ ಗುಡ್ಡಗಳಲ್ಲಿ ಕಾಡು ಗೋಧಿ ತಾನಾಗಿ ಬೆಳೆಯುತ್ತಿತ್ತು, ಈಗಲೂ ಬೆಳೆಯುತ್ತದೆ. ಅದರ ತೆನೆಯನ್ನು ಒಮ್ಮೆ ನೋಡಬೇಕು. ಮಾಗಿದ ತಕ್ಷಣ ಗೆಣ್ಣುಗೆಣ್ಣಿಗೂ ತಾನೇ ಮುರಿದುಕೊಂಡು, ಹೊಟ್ಟಿನ ಸಮೇತ ಕಾಳು ನೆಲಕ್ಕೆ ಉದುರುತ್ತದೆ. ಗಿಡಕ್ಕೆ ಬೇಕಾದದ್ದು ಅದೇ. ಆದರೆ ಕುಡುಗೋಲು ಹಿಡಿದು ಹೋದವರಿಗೆ ಬರೀ ಹುಲ್ಲು. ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದು, ಹುಟ್ಟಿನ ದೋಷದಿಂದ, ಮಾಗಿದರೂ ಕಾಳು ಉದುರಿಸದೆ ಹಿಡಿದುಕೊಂಡೇ ನಿಂತಿರುತ್ತದೆ. ಕಾಡಿನಲ್ಲಿ ಅಂಥದ್ದರ ಸಂತಾನ ಅಲ್ಲಿಗೇ ಮುಗಿಯಿತು. ಮನುಷ್ಯ ಕೊಯ್ದಾಗ ಮಾತ್ರ ಅವನ ಬುಟ್ಟಿಗೆ ಹೆಚ್ಚಾಗಿ ಬೀಳುವುದು ಅದೇ ದೋಷದ ಗಿಡದ ಕಾಳು. ಅದನ್ನೇ ಮರುವರ್ಷ ಬಿತ್ತಿದ. ಹೀಗೆ ಕೊಯ್ದು ಬಿತ್ತಿ, ಕೊಯ್ದು ಬಿತ್ತಿ, ಒಂದೆರಡು ಸಾವಿರ ವರ್ಷ ಕಳೆದ ಮೇಲೆ ಹೊಲದ ತುಂಬ ಉದುರದ ಗೋಧಿಯೇ ನಿಂತಿತು. ಯಾರೂ ಯೋಚನೆ ಮಾಡಿ ಮಾಡಿದ ಕೆಲಸವಲ್ಲ. ಈಗ ಆ ಗಿಡ ಮನುಷ್ಯ ಒಕ್ಕದೆ ಬಾಳಲಾರದು, ಮನುಷ್ಯನೂ ಅದಿಲ್ಲದೆ ಬಾಳಲಾರ. ಒಂದು ಬಗೆಯ ಗೋಧಿಯ ತವರು ಟರ್ಕಿಯ ಕರಜಾದಾಗ್ ಬೆಟ್ಟದ ಆಸುಪಾಸು ಎಂದು 1997ರಲ್ಲಿ ಡಿಎನ್‌ಎ ಹೋಲಿಸಿ ನೋಡಿದವರು ಹೇಳಿದರು.

ಆ ಬೆಟ್ಟದಿಂದ ದೂರವಲ್ಲದ ಕಡೆ ಗೋಬೆಕ್ಲಿ ತೆಪೆ ಎಂಬ ದಿಣ್ಣೆಯಿದೆ. ಕ್ಲಾಸ್ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರು 1995ರಲ್ಲಿ ಅಗೆಯಲು ಶುರು ಮಾಡಿದಾಗ ಐದೂವರೆ ಮೀಟರಿನವರೆಗೆ ಎತ್ತರವಿರುವ ಕಲ್ಲಿನ ಕಂಬಗಳು ವೃತ್ತವೃತ್ತವಾಗಿ ಎದ್ದುಬಂದವು. ಮೇಲೆ ನರಿ, ಚೇಳು, ರಣಹದ್ದಿನ ಕೆತ್ತನೆ. ಕಾಲ ಕ್ರಿಸ್ತಪೂರ್ವ 9500ರ ಸುಮಾರು. ಆಗ ಬೇಸಾಯವೇ ಇರಲಿಲ್ಲ. ಕಾಡು ಗೋಧಿ, ಜಿಂಕೆ ಮಾಂಸ ತಿಂದುಕೊಂಡಿದ್ದ ಜನ ಟನ್ನುಗಟ್ಟಲೆ ಭಾರದ ಕಲ್ಲು ಎಳೆದು ನಿಲ್ಲಿಸಿದ್ದರು.

"ಹಾಗಾದ್ರೆ ದೇವಸ್ಥಾನ ಮೊದಲು, ಹೊಲ ಆಮೇಲೆ ಅನ್ನಿ" ಅಂದರು ರಾಯರು, ಬಹಳ ತೃಪ್ತಿಯಿಂದ.

ದೇವಸ್ಥಾನವೇ ಎಂದು ಶ್ಮಿಟ್ ನಂಬಿದ್ದರು. ಆಮೇಲಿನವರು ಅಲ್ಲೇ ವಾಸದ ಗುರುತುಗಳನ್ನೂ ಸಾವಿರಾರು ಬೀಸುವ ಕಲ್ಲುಗಳನ್ನೂ ಕಂಡಿದ್ದಾರೆ, ಜಗಳ ನಡೆದೇ ಇದೆ. ರೊಟ್ಟಿಯಂತೂ ಹೊಲಕ್ಕಿಂತ ಹಳೆಯದು. ಜೋರ್ಡಾನಿನ ಶುಬೈಕಾ ಎಂಬಲ್ಲಿ ಸುಮಾರು 14,400 ವರ್ಷದ ಹಿಂದಿನ ಒಲೆಯಲ್ಲಿ ಸೀದ ರೊಟ್ಟಿಯ ಚೂರು ಸಿಕ್ಕಿತು. ಅಡುಗೆ ಸೀದದ್ದರಿಂದ ಚರಿತ್ರೆಗೆ ಇಷ್ಟು ಉಪಕಾರವಾದ ಇನ್ನೊಂದು ನಿದರ್ಶನ ನನಗೆ ಗೊತ್ತಿಲ್ಲ.

ಬಿಡಿ, ಉರುಕಿಗೆ ಬರೋಣ. ಅಲ್ಲಿ ಜರ್ಮನರು 1912ರಿಂದ ಅಗೆಯುತ್ತ ಬಂದರು. ಅವರಿಗೆ ಬೇಡವೆನ್ನಿಸುವಷ್ಟು ಸಿಕ್ಕಿದ್ದು ಒಂದು ಬಟ್ಟಲು. ಒರಟು ಮಣ್ಣಿನದು, ಹೊಟ್ಟು ಕಲಸಿದ್ದು, ಬಾಯಿಯ ಅಂಚನ್ನು ಓರೆಯಾಗಿ ಕತ್ತರಿಸಿದ್ದು. ಚಕ್ರದ ಮೇಲೆ ತಿರುವಿದ್ದಲ್ಲ, ಅಚ್ಚಿಗೆ ಮೆತ್ತಿ ತೆಗೆದದ್ದು. ಹಿಡಿಸುವುದು ಮುಕ್ಕಾಲು ಲೀಟರಿನ ಆಸುಪಾಸು. ಚೆಂದವೆನ್ನುವುದು ಅದರ ಹತ್ತಿರವೂ ಸುಳಿದಿಲ್ಲ. ಎಷ್ಟೋ ನೆಲೆಗಳಲ್ಲಿ ಆ ಕಾಲದ ಮಡಕೆ ಚೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಟ್ಟಲಿನವೇ. ಕುಂಬಾರಿಕೆಯ ಕುಶಲತೆ ಗೊತ್ತಿದ್ದ ಜನ ಇಂಥ ದರಿದ್ರ ಪಾತ್ರೆಯನ್ನು ಲಕ್ಷಗಟ್ಟಲೆ ಯಾಕೆ ಮಾಡಿದರು? ಕೂಲಿಯವರಿಗೆ ಪಡಿ ಅಳೆದು ಕೊಡಲು ಅನ್ನುವುದು ಬಹಳ ಜನ ಒಪ್ಪಿರುವ ಊಹೆ. ರೊಟ್ಟಿ ಬೇಯಿಸುವ ಅಚ್ಚು ಅನ್ನುವವರೂ ಇದ್ದಾರೆ. ನನಗೆ ಎರಡೂ ಒಂದೇ, ಯಾಕೆಂದರೆ ರೊಟ್ಟಿಯಾದರೂ ಅದೇ ಕೂಲಿಯವನ ಬಾಯಿಗೇ. ಅಲ್ಲಿಯ ಹಳೆಯ ಬರವಣಿಗೆಯಲ್ಲಿ "ತಿನ್ನು" ಎಂಬುದಕ್ಕೆ ಗುರುತು ಏನೆಂದರೆ, ಒಂದು ಮನುಷ್ಯನ ತಲೆ, ಬಾಯಿಯ ಮುಂದೆ ಇದೇ ಬಟ್ಟಲು.

ಬರವಣಿಗೆ ಬಂದದ್ದೂ ಇದರ ಬೆನ್ನಿಗೇ. ಅದಕ್ಕೂ ಮುಂಚೆ ಸಾವಿರಾರು ವರ್ಷ ಜನ ಮಣ್ಣಿನ ಗೋಲಿ, ಶಂಕು, ಬಿಲ್ಲೆಗಳನ್ನು ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಆಮೇಲೆ ಅವನ್ನು ಮಣ್ಣಿನ ಉಂಡೆಯೊಳಗೆ ಹಾಕಿ ಮುಚ್ಚಿ ಮುದ್ರೆಯೊತ್ತಿದರು. ಒಳಗೆ ಎಷ್ಟಿದೆ ಎಂದು ಒಡೆಯದೆ ಗೊತ್ತಾಗಲೆಂದು ಉಂಡೆಯ ಮೇಲೆಯೇ ಗುರುತು ಒತ್ತಿದರು. ಮೇಲೆ ಗುರುತಿದ್ದ ಮೇಲೆ ಒಳಗೆ ಬಿಲ್ಲೆ ಯಾಕೆ ಅನ್ನಿಸಿರಬೇಕು. ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು. ಡೆನಿಸ್ ಶ್ಮಾಂಟ್-ಬೆಸರಾ ಎಂಬ ವಿದುಷಿ ತಮ್ಮ ಆಯುಷ್ಯವನ್ನೆಲ್ಲ ಈ ಬಿಲ್ಲೆಗಳಿಗೇ ಕೊಟ್ಟು ಮಂಡಿಸಿದ ವಾದವಿದು. ಎಲ್ಲ ಬಿಲ್ಲೆಗೂ ಇದು ಹೊಂದುವುದಿಲ್ಲವೆಂದು ಎದುರಾಡಿದವರಿದ್ದಾರೆ, ಆದರೆ ಅಂಕಿಗಳ ಮಟ್ಟಿಗೆ ಬಹುಪಾಲು ಒಪ್ಪಿಗೆಯಿದೆ.

ಉರುಕಿನಲ್ಲಿ ಸಿಕ್ಕ ಆ ಮೊದಲ ಹಲಗೆಗಳು ಐದು ಸಾವಿರದಷ್ಟಿವೆ. ದೇವರ ಸ್ತೋತ್ರವಿಲ್ಲ, ರಾಜನ ಬಿರುದಿಲ್ಲ, ಪ್ರೇಮಪತ್ರ ಕೇಳಲೇಬೇಡಿ. ನೂರಕ್ಕೆ ಎಂಬತ್ತೈದರಷ್ಟು ಬರೀ ಜಮಾ ಖರ್ಚು. ಇಷ್ಟು ಜವೆಗೋಧಿ ಬಂತು, ಇಷ್ಟು ಬಿಯರಿಗೆ ಹೋಯಿತು, ಇಷ್ಟು ಕುರಿ, ಇಷ್ಟು ಕೂಲಿಯಾಳು. ಒಂದರ ಮೇಲೆ 29,086 ಅಳತೆ ಜವೆಗೋಧಿ, 37 ತಿಂಗಳು, ಕುಶಿಮ್ ಎಂದಿದೆ. ಕುಶಿಮ್ ಎನ್ನುವುದು ಹೆಸರೋ ಹುದ್ದೆಯೋ ಎಂದು ವಿದ್ವಾಂಸರು ಇನ್ನೂ ತೀರ್ಮಾನಿಸಿಲ್ಲ. ಹೆಸರಾದರೆ, ಬರವಣಿಗೆಯಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಹೆಸರುಗಳಲ್ಲಿ ಅದೂ ಒಂದು. ರಾಜನದ್ದಲ್ಲ, ಋಷಿಯದ್ದಲ್ಲ, ಉಗ್ರಾಣದ ಲೆಕ್ಕದವನದ್ದು. ಹೆಸರು ಹೇಳಿ ಪದ್ಯ ಬರೆದವರಲ್ಲಿ ಮೊದಲಿಗಳು ಎನ್ನಲಾಗುವ ಎನ್‌ಹೆದುಅನ್ನಾ, ಅಕ್ಕಾದಿನ ದೊರೆ ಸಾರ್ಗೋನನ ಮಗಳು, ಬಂದದ್ದು ಇದಾಗಿ ಎಂಟು ನೂರು ವರ್ಷವಾದರೂ ಕಳೆದ ಮೇಲೆ.

ಇಲ್ಲಿಗೆ ರಾಯರು ಪಠ್ಯಪುಸ್ತಕ ಕಂಕುಳಿಗೆ ಸೇರಿಸಿ ನೆಟ್ಟಗೆ ನಿಂತರು. "ಲೆಕ್ಕ ಹೇಗೆ ಬರೀತಿದ್ರು? ಕುರಿಗೂ ಧಾನ್ಯಕ್ಕೂ ಒಂದೇ ಅಂಕಿಯೋ?"

ಒಂದೇ ಅಲ್ಲ. ಕುರಿ ಎಣಿಸಲು ಅರವತ್ತರ ಲೆಕ್ಕ, ಧಾನ್ಯಕ್ಕೆ ಬೇರೆ, ಹೊಲದ ವಿಸ್ತೀರ್ಣಕ್ಕೆ ಇನ್ನೂ ಬೇರೆ, ಪಡಿ ಹಂಚಲು ನೂರಿಪ್ಪತ್ತರದ್ದು ಮತ್ತೊಂದು. ಹತ್ತಕ್ಕೂ ಹೆಚ್ಚು ಪದ್ಧತಿಗಳು ಒಟ್ಟಿಗೇ ನಡೆಯುತ್ತಿದ್ದವು. ಇದನ್ನು ಕೇಳಿದವರೆಲ್ಲ ಎಷ್ಟು ಗೊಂದಲ ಅನ್ನುತ್ತಾರೆ. ರಾಯರು ಅನ್ನಲಿಲ್ಲ. "ಅದ್ರಲ್ಲೇನು? ಭತ್ತಕ್ಕೆ ಖಂಡುಗ, ಹೂವಿಗೆ ಮೊಳ, ಬಳೆಗೆ ಡಜನ್. ಸರಿಯಾಗೇ ಇದೆ" ಅಂದರು. ಅರವತ್ತರ ಆ ಲೆಕ್ಕ ನಮ್ಮ ಗಡಿಯಾರದಲ್ಲಿ ಇವತ್ತಿಗೂ ಕೂತಿದೆ.

ಅಷ್ಟರಲ್ಲಿ ರಾಯರ ಮನೆಯವರು ತುಳಸಿಗೆ ನೀರು ಹಾಕಲು ಬಂದವರು, "ಪಡಿ ಅಂದ್ರಲ್ಲ, ಹೆಂಗಸರಿಗೆ ಎಷ್ಟು ಕೊಡ್ತಿದ್ರಂತೆ?" ಅಂದರು. ಸರಿಯಾದ ಕಡೆಗೇ ಕೈ ಹಾಕಿದರು. ಸಾವಿರ ವರ್ಷ ಮುಂದೆ ಬಂದರೆ, ಕ್ರಿಸ್ತಪೂರ್ವ 2100ರಿಂದ 2000ದ ಊರ್ ರಾಜ್ಯದಲ್ಲಿ ಗಂಡಾಳಿಗೆ ತಿಂಗಳಿಗೆ 60 ಸಿಲಾ ಜವೆಗೋಧಿ, ಹೆಣ್ಣಾಳಿಗೆ ಸಾಮಾನ್ಯವಾಗಿ 30. ಸಿಲಾ ಎಂದರೆ ಹತ್ತಿರಹತ್ತಿರ ಒಂದು ಲೀಟರು. ಮಗ್ಗದ ಮನೆಗಳಲ್ಲಿ ಉಣ್ಣೆ ನೇಯುತ್ತಿದ್ದವರು ಮುಕ್ಕಾಲು ಪಾಲು ಹೆಂಗಸರೇ. ಇನ್ನೂ ಹಿಂದೆ ಹೋದರೆ ಹಲಗೆಗಳಲ್ಲಿ ದಾಸಿ ಎಂಬುದಕ್ಕೆ ಬರೆದ ಗುರುತು ಇದೆ. ಹೆಣ್ಣಿನ ಚಿಹ್ನೆ, ಅದರ ಪಕ್ಕದಲ್ಲಿ ಬೆಟ್ಟದ ಚಿಹ್ನೆ. ಬೆಟ್ಟದ ಕಡೆಯಿಂದ ಹಿಡಿದು ತಂದವಳು ಎಂದು ಅರ್ಥ ಮಾಡುತ್ತಾರೆ. ರಾಯರ ಮನೆಯವರು ಏನೂ ಅನ್ನಲಿಲ್ಲ, ಚೊಂಬು ಹಿಡಿದು ಒಳಗೆ ಹೋದರು. ನಾಗರಿಕತೆಯ ಉಗಮ ಎಂದು ನಾವು ಸಂಭ್ರಮದಿಂದ ಹೇಳುವಾಗ ಈ ಗುರುತನ್ನೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಲೆಕ್ಕ ಬರೆಯುವವನ ಕೈಗೆ ಬೀಗದಕೈ ಬಂದರೆ ಏನಾಗುತ್ತದೆ ಎನ್ನುವುದನ್ನು ರಾಯರಿಗೆ ನಾನು ಹೇಳಬೇಕಿಲ್ಲ. ಲಗಾಶ್ ಎಂಬ ಪಟ್ಟಣದಲ್ಲಿ ಕ್ರಿಸ್ತಪೂರ್ವ 2350ರ ಸುಮಾರಿಗೆ ಉರುಕಗಿನ ಎಂಬ ದೊರೆ ಒಂದು ಶಾಸನ ಬರೆಸಿದ. ಅದರಲ್ಲಿ ಅಧಿಕಾರಿಗಳ ಸುಲಿಗೆಯ ಪಟ್ಟಿಯೇ ಇದೆ. ಹೆಣ ಹೂಳಲು ತಂದರೆ ಸುಂಕ ಏಳು ಗಡಿಗೆ ಬಿಯರು, 420 ರೊಟ್ಟಿ! ಅದನ್ನು ಮೂರು ಗಡಿಗೆ, 80 ರೊಟ್ಟಿಗೆ ಇಳಿಸಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಪೂರ್ತಿ ತೆಗೆದುಹಾಕುವ ಧೈರ್ಯ ಮಾತ್ರ ಅವನಿಗೂ ಬರಲಿಲ್ಲ. "420 ರೊಟ್ಟಿಗೂ ರಸೀದಿ ಕೊಟ್ಟಿರ್ತಾರೆ ಬಿಡಿ" ಅಂದರು ರಾಯರು, ವಂಶಾಭಿಮಾನದಿಂದ.

ನದಿಯಿದ್ದ ಕಡೆಯಲ್ಲೆಲ್ಲ ಹೀಗೆ ಯಾಕಾಗಲಿಲ್ಲ ಎಂಬುದಕ್ಕೆ ಜೇಮ್ಸ್ ಸ್ಕಾಟ್ ಎಂಬ ಅಮೆರಿಕನ್ ಪಂಡಿತ 2017ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆ. ತೆನೆಯ ಬೆಳೆ ನೆಲದ ಮೇಲೆ ಕಾಣುತ್ತದೆ, ಎಲ್ಲ ಹೊಲದಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಾಗುತ್ತದೆ. ಕಣಕ್ಕೆ ಬಂದು ಅಳೆಯಬಹುದು, ಪಾಲು ತೆಗೆಯಬಹುದು, ವರ್ಷಗಟ್ಟಲೆ ಕೂಡಿಡಬಹುದು. ಮರಗೆಣಸು ಬೆಳೆದವನ ಹತ್ತಿರ ಕಂದಾಯ ವಸೂಲಿಗೆ ಹೋದ ಅಧಿಕಾರಿ ಏನು ಮಾಡಬೇಕು? ಅದು ಮಣ್ಣಿನೊಳಗೇ ಎರಡು ವರ್ಷ ಇರುತ್ತದೆ, ಬೇಕಾದಾಗ ಬೇಕಾದಷ್ಟು ಅಗೆದು ತಿಂದರಾಯಿತು. ಗೆಣಸಿನ ಮೇಲೆ ಸಾಮ್ರಾಜ್ಯ ಕಟ್ಟಿದವರು ಅಪರೂಪ.

ಬರವಣಿಗೆ ಲೆಕ್ಕದಿಂದಲೇ ಬಂತು ಎಂಬ ಮಾತಿಗೆ ಈಜಿಪ್ಟೂ ಸಾಕ್ಷಿ ಹೇಳುತ್ತದೆ. ಅಬೈಡಾಸಿನ ಒಂದು ಗೋರಿಯಲ್ಲಿ 1988ರಲ್ಲಿ ಸಿಕ್ಕ, ಕ್ರಿಸ್ತಪೂರ್ವ 3200ರ ಸುಮಾರಿನ ಎಲುಬು ಮತ್ತು ದಂತದ ಪುಟ್ಟ ಚೀಟಿಗಳಿಗೆ ದಾರ ಕಟ್ಟಲು ತೂತಿದೆ. ಸರಕಿಗೆ ಕಟ್ಟಿದ ಚೀಟಿಗಳು. ಚೀನಾ ಮಾತ್ರ ಹಟ ಹಿಡಿದು ಬೇರೆ ಕಥೆ ಹೇಳುತ್ತದೆ. ಅಲ್ಲಿ ನಮಗೆ ಸಿಕ್ಕಿರುವ ಹಳೆಯ ಬರಹ, ಅನ್ಯಾಂಗಿನ ಕ್ರಿಸ್ತಪೂರ್ವ 1250ರ ಸುಮಾರಿನದು, ದನದ ಹೆಗಲೆಲುಬು ಮತ್ತು ಆಮೆಯ ಚಿಪ್ಪಿನ ಮೇಲೆ ಕೇಳಿದ ಶಕುನ. ಮಳೆ ಬರುತ್ತದೋ, ರಾಣಿಗೆ ಗಂಡು ಹುಟ್ಟುತ್ತದೋ, ರಾಜನ ಹಲ್ಲುನೋವಿಗೆ ಯಾವ ಹಿರಿಯರ ಕೋಪ ಕಾರಣ. "ಅದು ಜೋಯಿಸರ ಇಲಾಖೆ" ಎಂದು ರಾಯರು ಅದನ್ನು ಬದಿಗೆ ತಳ್ಳಿದರು. ಪೆರುವಿನ ಕರಾಲ್ ಇನ್ನೂ ವಿಚಿತ್ರ. ಕ್ರಿಸ್ತಪೂರ್ವ 2600ರ ಹೊತ್ತಿಗೆ ಪಿರಮಿಡ್ಡು ಕಟ್ಟಿದ್ದರು, ಮಡಕೆಯಿಲ್ಲ, ಬರಹವಿಲ್ಲ. ಹತ್ತಿ ಬೆಳೆದು ಬಲೆ ಹೆಣೆದು ಕಡಲ ಕಡೆಯವರಿಗೆ ಕೊಟ್ಟರು, ಅವರು ಮೀನು ಕೊಟ್ಟರು. ನನ್ನ ಶಾನುಭೋಗ ಸಿದ್ಧಾಂತಕ್ಕೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು, ಒಪ್ಪಿಕೊಳ್ಳಲೇಬೇಕು.

"ನಮ್ಮ ಹರಪ್ಪದವರು?" ಎಂಬ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಅವರ ಲಿಪಿ ಯಾರಿಗೂ ಒಡೆದಿಲ್ಲ, ಆದರೆ ತೂಕದ ಕಲ್ಲುಗಳು ತಾವೇ ಮಾತಾಡುತ್ತವೆ. ಚರ್ಟ್ ಕಲ್ಲಿನ ನುಣುಪಾದ ಪುಟ್ಟ ಘನಗಳು, ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ದುಪ್ಪಟ್ಟಾಗುತ್ತ ಹೋಗುತ್ತವೆ. ಹದಿನಾರರದ್ದು 13.7 ಗ್ರಾಮಿನ ಆಸುಪಾಸು. ಗುಜರಾತಿನಿಂದ ಪಂಜಾಬಿನವರೆಗೆ ಅದೇ ತೂಕ. ಲೋಥಲ್ ನೆಲೆಯನ್ನು 1950ರ ದಶಕದಲ್ಲಿ ಪತ್ತೆಹಚ್ಚಿ ಅಗೆಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್, ಎಸ್. ಆರ್. ರಾವ್ ಎಂದರೆ ಹೆಚ್ಚು ಜನಕ್ಕೆ ಗೊತ್ತು. ಅಲ್ಲಿಯ ಉಗ್ರಾಣದಲ್ಲಿ ಅವರಿಗೆ ಮಣ್ಣಿನ ಮುದ್ರೆಯೊತ್ತುಗಳು ಸಿಕ್ಕವು. ಮುಂದೆ ಮುದ್ರೆಯ ಚಿತ್ರ, ಹಿಂದೆ ತಿರುಗಿಸಿದರೆ ಮೂಟೆಯ ಬಟ್ಟೆಯ ನೇಯ್ಗೆ, ಹಗ್ಗದ ಗಂಟು ಅಚ್ಚೊತ್ತಿದಂತೆ ಉಳಿದಿದೆ. ಮೂಟೆ ಹೋಗಿ ನಾಲ್ಕು ಸಾವಿರ ವರ್ಷವಾಯಿತು, ಸೀಲು ಉಳಿಯಿತು. ಅವರು ಅಲ್ಲಿಯ ಇಟ್ಟಿಗೆ ಕೊಳವನ್ನು ಹಡಗುಕಟ್ಟೆ ಎಂದರು, ಬರೀ ನೀರಿನ ಕೆರೆ ಎಂದವರೂ ಇದ್ದಾರೆ. ಹಡಗುಗಳಂತೂ ಹೋಗುತ್ತಿದ್ದವು. ಮೆಲುಹ್ಹದ ಹಡಗುಗಳು ತನ್ನ ಕಟ್ಟೆಗೆ ಬಂದಿವೆ ಎಂದು ಸಾರ್ಗೋನ್ ಜಂಬ ಕೊಚ್ಚಿಕೊಂಡಿದ್ದಾನೆ, ಮೆಲುಹ್ಹ ಎಂದರೆ ಸಿಂಧೂ ಕಡೆಯ ನಾಡೆಂದು ಬಹುತೇಕರ ಮತ. ಮೆಲುಹ್ಹದ ಭಾಷೆಯ ದುಭಾಷಿಯೊಬ್ಬನ ಮುದ್ರೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ.

ಉರುಕಿನ ನಾಡಿಗೆ ಕಡೆಗೆ ಏನಾಯಿತು ಎಂದರೆ, ದಂಡೆತ್ತಿ ಬಂದವರ ಪಟ್ಟಿ ಉದ್ದವಿದೆ, ಅದನ್ನು ಬಿಡೋಣ. ನಮ್ಮ ತುಂಗಭದ್ರಾ ಕಾಲುವೆಯ ಕೆಳಗಿನ ರೈತರಿಗೆ ತಟ್ಟನೆ ತಿಳಿಯುವ ಕಾರಣ ಇನ್ನೊಂದಿದೆ. ಬಿಸಿಲ ನಾಡಿನಲ್ಲಿ ಕಾಲುವೆ ನೀರು ಬಿಟ್ಟು ಬಸಿದುಹೋಗಲು ದಾರಿ ಮಾಡದಿದ್ದರೆ ಉಪ್ಪು ಮೇಲೆದ್ದು ನೆಲ ಸವಳಾಗುತ್ತದೆ. ಮೊದಲು ಗೋಧಿ ಹೋಯಿತು, ಉಪ್ಪು ತಡೆಯುವ ಜವೆಗೋಧಿ ಉಳಿಯಿತು, ಆಮೇಲೆ ಅದರ ಇಳುವರಿಯೂ ಕುಸಿಯಿತು ಎಂದು ಯಾಕೋಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ವಾದಿಸಿದರು. ಅವರ ಆಧಾರ ಏನು ಗೊತ್ತೇ? ಅದೇ ಲೆಕ್ಕದ ಹಲಗೆಗಳು.

ಇನ್ನು ನಮ್ಮ ಕಡೆಯವರು ಆಗ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ರಾಯರು ಕೇಳಲಿಲ್ಲ, ಕೇಳಬೇಕಿತ್ತು. ಬಳ್ಳಾರಿಯ ಹತ್ತಿರ ಸಂಗನಕಲ್ಲು ಗುಡ್ಡಗಳ ಮೇಲೆ ದನ ಕಟ್ಟಿಕೊಂಡಿದ್ದರು, ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರು. ಇವು ಪಶ್ಚಿಮದಿಂದ ಬಂದ ಬೆಳೆಗಳಲ್ಲ, ಇಲ್ಲಿಯ ನೆಲದವೇ. ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯನ್ನೇ ನಡೆಸುತ್ತಿದ್ದರು. ದೊಡ್ಡಿಯಲ್ಲಿ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು, ಅದು ಕರಗಿ ಗಾಜುಗಟ್ಟಿ, ಬೂದಿದಿಬ್ಬಗಳಾದವು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಅರಮನೆಯಿಲ್ಲ, ಸುಂಕದ ಚೀಟಿಯಿಲ್ಲ, ಪಡಿಯ ಬಟ್ಟಲಿಲ್ಲ. ಕೆಟ್ಟ ಬದುಕೆಂದು ನನಗನ್ನಿಸುವುದಿಲ್ಲ. ಆದರೆ ಲೆಕ್ಕ ಬರೆದಿಡಲಿಲ್ಲ, ಹಾಗಾಗಿ ಪಠ್ಯಪುಸ್ತಕದಲ್ಲಿ ಅವರಿಗೆ ಒಂದು ಸಾಲೂ ಸಿಗುವುದು ಕಷ್ಟ. ಹಂಪಿಗೆ ಹೋಗುವವರು ಬಳ್ಳಾರಿಯಲ್ಲಿ ಇಳಿದು, ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಿ. ಹೊತ್ತಿದ್ದರೆ ಗುಡ್ಡವನ್ನೂ ಹತ್ತಿ. ಆ ಗುಡ್ಡಗಳ ಸುತ್ತ ಗ್ರಾನೈಟಿಗಾಗಿ ಕಲ್ಲು ಒಡೆದದ್ದು ಸಾಕಷ್ಟಾಗಿದೆ, ಉಳಿದಿರುವುದನ್ನಾದರೂ ಉಳಿಸಿಕೊಳ್ಳಬೇಕು.